2022ರ ಫುಟ್‌ಬಾಲ್ ವಿಶ್ವಕಪ್ ಅನ್ನು ಅರ್ಜೆಂಟೀನಾ ಗೆದ್ದದ್ದು ರೆಫರಿಯ ಕೃಪೆಯಿಂದಲೇ?

ಮಂಗಳೂರಿನ ನೆಹರೂ ಮೈದಾನದಲ್ಲಿ ಆಡಲು ಬರುವ ಗೆಳೆಯರು ಇಂದಿಗೂ ಎತ್ತುವ ಈ ದೂರನ್ನು ನಾನು ಒಪ್ಪುವುದಿಲ್ಲ. ಟೂರ್ನಿಯಲ್ಲಿ ಅರ್ಜೆಂಟೀನಾಕ್ಕೆ 5 ಪೆನಾಲ್ಟಿಗಳು ದೊರೆತದ್ದು ನಿಜ. ಆದರೆ ಪೋಲೆಂಡ್ ಗೋಲ್‌ಕೀಪರ್ ಮೆಸ್ಸಿಯ ಪೆನಾಲ್ಟಿಯನ್ನು ತಡೆದ ಪಂದ್ಯವನ್ನೂ ತಂಡ 2–0 ಅಂತರದಿಂದ ಗೆದ್ದಿತ್ತು. ಫ್ರಾನ್ಸ್ ವಿರುದ್ಧದ ಫೈನಲ್‌ನಲ್ಲಿ ಅರ್ಜೆಂಟೀನಾದ ಡಿ ಮರಿಯಾ ಬಿದ್ದಾಗ ಕೊಟ್ಟ ಪೆನಾಲ್ಟಿ ನನಗೂ ತುಸು ಉದಾರವೆನಿಸಿತು. ಆದರೆ ಅದೇ ರೆಫರಿ ಫ್ರಾನ್ಸಿಗೆ 2 ಪೆನಾಲ್ಟಿ ನೀಡಿದರು, ಎಂಬಾಪೆ ಎರಡನ್ನೂ ಗೋಲಾಗಿಸಿದರು. ಇನ್ನು 36ನೇ ನಿಮಿಷದಲ್ಲಿ ಮೆಸ್ಸಿ, ಅಲ್ವಾರೆಜ್, ಮ್ಯಾಕ್ ಅಲಿಸ್ಟರ್ ಕ್ಷಣಾರ್ಧದಲ್ಲಿ ದಾಟಿಸಿದ ಚೆಂಡನ್ನು ಡಿ ಮರಿಯಾ ಗುರಿ ಮುಟ್ಟಿಸಿದ್ದರಲ್ಲಿ ರೆಫರಿಯ ಪಾತ್ರವೇನಿತ್ತು? 3–3ರ ಸಮಬಲದಲ್ಲಿ, ಹೆಚ್ಚುವರಿ ಅವಧಿಯ ಕಟ್ಟಕಡೆಯ ಗಳಿಗೆಯಲ್ಲಿ ಫ್ರಾನ್ಸಿನ ಕೋಲೋ ಮುವಾನಿಯ ಹೊಡೆತಕ್ಕೆ ಅಡ್ಡ ಬಂದದ್ದು ಅರ್ಜೆಂಟೀನಾದ ಗೋಲ್‌ಕೀಪರ್ ಮಾರ್ಟಿನೆಜ್ ಚಾಚಿದ ಎಡಗಾಲೇ ಹೊರತು ಸೀಟಿಯಲ್ಲ. ವಿಜೇತರನ್ನು ನಿರ್ಧರಿಸಿದ ಪೆನಾಲ್ಟಿ ಶೂಟೌಟ್‌ನಲ್ಲಿ ಫ್ರಾನ್ಸಿನ ಕೋಮನ್ ಅವರ ಒದೆತವನ್ನು ತಡೆದವರೂ ಅವರೇ.