21ನೇ ದಿನದ ಲೆಕ್ಕ ನಿಮಗಲ್ಲ

ಪ್ರಶ್ನೆ: ನನಗೆ 31 ವರ್ಷ. ಒಂದೂವರೆ ವರ್ಷದಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಮುಟ್ಟು 36–38 ದಿನಕ್ಕೊಮ್ಮೆ ಬರುತ್ತದೆ. 21ನೇ ದಿನ ಮಾಡಿಸಿದ ಪ್ರೊಜೆಸ್ಟರಾನ್ ಪರೀಕ್ಷೆಯಲ್ಲಿ 0.8 ಬಂತು; ಅಂಡಾಣು ಬಿಡುಗಡೆಯಾಗುತ್ತಿಲ್ಲ ಅಂದರು. ಮುಂದಿನದು ಗರ್ಭನಾಳದ ಎಕ್ಸ್‌ರೇ ಅಂತೆ. ‘ತೊಂದರೆ ಎಲ್ಲಿದೆ ಅಂತ ಗೊತ್ತಾಯ್ತಲ್ಲ, ನನಗ್ಯಾಕೆ ಪರೀಕ್ಷೆ’ ಎನ್ನುತ್ತಾರೆ ಗಂಡ. ನಾನು ಬಂಜೆಯೇ?

ಉತ್ತರ: ಆ ಮಾತು ಬಿಡಿ. ನಿಮ್ಮ ರಿಪೋರ್ಟ್ ಹಾಗೆ ಹೇಳುತ್ತಲೇ ಇಲ್ಲ.

21ನೇ ದಿನ ಅನ್ನೋದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ಅಂಡಾಣು ಹೊರಬೀಳುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರುವುದು ಅದಾದ ಮೇಲೆ. ನಿಮ್ಮ 37 ದಿನದ ಚಕ್ರದಲ್ಲಿ ಅಂಡಾಣು ಹೊರಬೀಳುವುದು 23ನೇ ದಿನದ ಆಸುಪಾಸು. ರಕ್ತ ತೆಗೆದ ದಿನ ಅಂಡಾಣು ಇನ್ನೂ ಒಳಗೇ ಇದ್ದಿರಬಹುದು, 0.8 ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಈ ಸಲ 30ನೇ ದಿನ ಮಾಡಿಸಿ. ನಂತರ ಮುಟ್ಟು ಬಂದ ತಾರೀಖು ಬರೆದಿಟ್ಟುಕೊಳ್ಳಿ. ರಕ್ತ ಕೊಟ್ಟ ಸುಮಾರು ಒಂದು ವಾರಕ್ಕೆ ಮುಟ್ಟು ಬಂದರೆ ಮಾತ್ರ ಆ ರಿಪೋರ್ಟನ್ನು ನಂಬಬಹುದು. 3 ನ್ಯಾನೋಗ್ರಾಂ ದಾಟಿದ್ದರೆ ಅಂಡಾಣು ಬಿಡುಗಡೆಯಾಗಿದೆ ಎಂದರ್ಥ.

ಕೂಡುವ ದಿನಗಳಲ್ಲೂ ಇದೇ ತಪ್ಪಾಗುತ್ತದೆ. ಬಹಳ ಜನ 12ರಿಂದ 16ನೇ ದಿನ ಕಾದು ಕೂತು, ಆಮೇಲೆ ಕೈಬಿಡುತ್ತಾರೆ. ವೀರ್ಯಾಣು 5 ದಿನದವರೆಗೆ ಬದುಕಬಲ್ಲದು, ಅಂಡಾಣು ಹೆಚ್ಚೆಂದರೆ ಒಂದು ದಿನ. ನಿಮಗೆ 17ರಿಂದ 25ನೇ ದಿನದವರೆಗೆ ದಿನ ಬಿಟ್ಟು ದಿನ ಸಾಕು. ಯೋನಿಸ್ರಾವ ಹಸಿ ಮೊಟ್ಟೆಯ ಬಿಳಿಯಂತೆ ತೆಳ್ಳಗಾಗಿ, ಎರಡು ಬೆರಳ ನಡುವೆ ಎಳೆದರೆ ನೂಲಿನಂತೆ ಹಿಗ್ಗಿದರೆ ಸಮಯ ಬಂದಿದೆ.

30ನೇ ದಿನವೂ ಕಡಿಮೆಯೇ ಬಂದರೆ? ಆಗ ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ), ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ನೋಡಬೇಕು. ಪಿಸಿಒಎಸ್ ಇದ್ದರೆ ಲೆಟ್ರೊಜೋಲ್ ಮಾತ್ರೆಯಿಂದ ಹಲವರಿಗೆ ಅಂಡಾಣು ಬಿಡುಗಡೆ ಶುರುವಾಗುತ್ತದೆ; ತೂಕ ಜಾಸ್ತಿ ಇದ್ದವರಿಗೆ ನೂರಕ್ಕೆ 5–10ರಷ್ಟು ಇಳಿಸಿದರೂ ಚಕ್ರ ಸರಿಹೋಗಬಹುದು.

ಇನ್ನು ನಿಮ್ಮವರ ವಿಷಯ. ಎಕ್ಸ್‌ರೇಗಿಂತ ಮೊದಲು ಆಗಬೇಕಾದದ್ದು ವೀರ್ಯ ಪರೀಕ್ಷೆ. ಅದಕ್ಕೆ ಸೂಜಿ ಇಲ್ಲ, ನೋವಿಲ್ಲ. ಇಬ್ಬರಲ್ಲೂ ಒಂದೊಂದು ಕಾರಣ ಇರುವುದು ಅಪರೂಪವೇನಲ್ಲ. ಅದು ತಿಳಿಯದೆ ನಿಮಗೊಬ್ಬರಿಗೇ ಮಾತ್ರೆ ಕೊಟ್ಟರೆ ತಿಂಗಳುಗಳು ಸುಮ್ಮನೆ ಕಳೆಯುತ್ತವೆ. ಎಷ್ಟೋ ಗಂಡಸರಿಗೆ ಪರೀಕ್ಷೆಗಿಂತ ಲ್ಯಾಬಿನ ಆ ಕೋಣೆಯದೇ ಮುಜುಗರ. ಲ್ಯಾಬ್ ಒಪ್ಪಿದರೆ ಮನೆಯಲ್ಲೇ ಅವರು ಕೊಟ್ಟ ಡಬ್ಬಿಯಲ್ಲಿ ತೆಗೆದು, ಮೈಗೆ ಒತ್ತಿ ಬೆಚ್ಚಗಿಟ್ಟುಕೊಂಡು, ಒಂದು ಗಂಟೆಯೊಳಗೆ ತಲುಪಿಸಬಹುದು. ಮೊದಲು 2ರಿಂದ 7 ದಿನ ವೀರ್ಯ ಹೋಗಿರಬಾರದು. ಸಾಧಾರಣ ಕಾಂಡೋಮಿನಲ್ಲಿ ಹಿಡಿಯಬಾರದು. ‘ಇವರಿಗೆ ಮಾತ್ರೆ ಶುರು ಮಾಡೋಕೆ ನಿಮ್ಮ ರಿಪೋರ್ಟ್ ಬೇಕು’ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿ.

ಎಕ್ಸ್‌ರೇ ಮಾಡಿಸುವುದಾದರೆ ರಕ್ತಸ್ರಾವ ನಿಂತ ಮೇಲೆ, ಅಂಡಾಣು ಬಿಡುಗಡೆಗೆ ಮೊದಲು. ಗರ್ಭಕೋಶಕ್ಕೆ ಸೇರುವ ಕಡೆಯಲ್ಲೇ ನಾಳ ಮುಚ್ಚಿದೆ ಎಂದು ಬಂದರೆ ಗಾಬರಿ ಬೇಡ. ಆ ಕ್ಷಣ ನಾಳ ಬಿಗಿದುಕೊಂಡರೂ ಹಾಗೇ ಕಾಣುತ್ತದೆ. ಮುಟ್ಟಿನಲ್ಲಿ ಏಳಲಾಗದಷ್ಟು ನೋವಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ತೊಂದರೆ) ಇದ್ದರೂ ಈ ಎಕ್ಸ್‌ರೇ ಸರಿಯಾಗಿಯೇ ಬರಬಹುದು.