ಸ್ಟಾವಾಂಗರ್‌ಗೆ ಹೊರಟಿರುವ ಶಿರಸಿಯ ತಂಗಿಗೆ

ಧಾರವಾಡದಲ್ಲಿ ಭೂವಿಜ್ಞಾನ ಓದಿದೆ, ನಾರ್ವೆಯ ಸ್ಟಾವಾಂಗರ್‌ನಲ್ಲಿ ಎಣ್ಣೆ ಬಾವಿಗಳ ಡೇಟಾ ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀಯ. ಇದು ಬರೀ ಫೈಲ್ ಜೋಡಿಸುವ ಕೆಲಸವಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀಯ. ನಾನು ಕಾರವಾರದವನು, ಇಲ್ಲಿ ಇದೇ ಕೆಲಸದಲ್ಲಿ ನೆಲೆಸಿದವನು. ಕೆಲಸದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಅದನ್ನು ಸಣ್ಣದು ಅಂದುಕೊಂಡು ನೀನು ವಿಮಾನ ಹತ್ತಬಾರದು.

ಬಾವಿಯೊಳಗೆ ಉಪಕರಣ ಇಳಿಸಿ ಗಾಮಾ (ಕಲ್ಲಿನ ಸಹಜ ವಿಕಿರಣ), ರೆಸಿಸ್ಟಿವಿಟಿ (ವಿದ್ಯುತ್ತಿಗೆ ಒಡ್ಡುವ ತಡೆ), ಡೆನ್ಸಿಟಿ (ಸಾಂದ್ರತೆ), ನ್ಯೂಟ್ರಾನ್ (ಕಲ್ಲಿನೊಳಗಿನ ರಂಧ್ರಗಳ ಸುಳಿವು) ಅಳೆಯುವುದನ್ನು ನೀನು ಓದಿದ್ದೀಯ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಆಳವನ್ನು ಎಲ್ಲಿಂದ ಅಳೆದರು? ರಿಗ್‌ನ ಅಟ್ಟದಿಂದಲಾ, ಸಮುದ್ರ ಮಟ್ಟದಿಂದಲಾ? ಅಟ್ಟ ನೀರಿನಿಂದ 25 ಮೀಟರ್ ಮೇಲಿದ್ದು, ಅದು ದಾಖಲೆಯಲ್ಲಿ ಇಲ್ಲದಿದ್ದರೆ, ಎಣ್ಣೆ ಮುಗಿದು ನೀರು ಶುರುವಾಗುವ ಗೆರೆ ಪಕ್ಕದ ಬಾವಿಯ ಜೊತೆ ಹೊಂದುವುದೇ ಇಲ್ಲ. ಬಾವಿ ಓರೆಯಾಗಿದ್ದರೆ 4,000 ಮೀಟರ್ ಕೊರೆದರೂ ನೇರ ಆಳ 3,000 ಇರಬಹುದು. ಹಳೆಯ ಲಾಗ್‌ಗಳು, ಅಂದರೆ ಈ ಅಳತೆಗಳ ದಾಖಲೆಗಳು, ಕೆಲವು ಅಡಿಯಲ್ಲಿ, ಕೆಲವು ಮೀಟರಿನಲ್ಲಿ ಇರುತ್ತವೆ. -999.25 ಎಂದು ಕಂಡರೆ ಆ ಜಾಗದಲ್ಲಿ ಅಳತೆ ಇಲ್ಲ ಎಂದರ್ಥ. ಅದು ಸರಾಸರಿಯೊಳಗೆ ನುಸುಳಿದರೆ ಲೆಕ್ಕ ಹಾಳು. ಚಾಲಿ, ರಾಶಿ, ಬೆಟ್ಟೆ ಎಲ್ಲ ಕಲಸಿ ಮೂಟೆ ಕಟ್ಟಿದರೆ ಅಡಿಕೆಗೆ ದರ ಹೇಳುವವರು ಯಾರು? ಹಾಗೇ ಇದು.

ಆಮೇಲೆ ಅರ್ಥ ಹಚ್ಚುವ ಕೆಲಸ. ಗಾಮಾ ಜಾಸ್ತಿ ಇದ್ದರೆ ಶೇಲ್ (ಜೇಡಿಕಲ್ಲು), ಕಡಿಮೆ ಇದ್ದರೆ ಮರಳುಕಲ್ಲು ಅಂತ ಕಲಿತಿರುತ್ತೀಯ ಅಲ್ವಾ? ಉತ್ತರ ಸಮುದ್ರದ ರಾನ್ನೋಕ್ ಮರಳುಕಲ್ಲಿನಲ್ಲಿ ಕಾಗೆಬಂಗಾರ ತುಂಬಾ ಇದೆ. ಅದರೊಳಗಿನ ಪೊಟ್ಯಾಸಿಯಂನಿಂದ ಗಾಮಾ ಏರುತ್ತದೆ. ಗಾಮಾ ಒಂದನ್ನೇ ನಂಬಿದರೆ ಎಣ್ಣೆ ಇರಬಹುದಾದ ಒಳ್ಳೆಯ ಮರಳುಕಲ್ಲನ್ನು ಶೇಲ್ ಎಂದು ಕೈಬಿಡುತ್ತೀಯ. ಡೆನ್ಸಿಟಿ, ನ್ಯೂಟ್ರಾನ್, ಬಾವಿಯಿಂದ ಕೊರೆದು ತೆಗೆದ ಕಲ್ಲಿನ ತುಂಡು (ಕೋರ್) ಎಲ್ಲ ಒಟ್ಟಿಗೆ ಇಟ್ಟು ನೋಡಬೇಕು. ಅವು ಒಂದೇ ಆಳಕ್ಕೆ ಕೂತಿರಬೇಕು. ಅಲ್ಲಿಗೆ ಮತ್ತೆ ನಿನ್ನ ಕೆಲಸವೇ ಬಂತು. ಡೇಟಾ ನೋಡಿಕೊಳ್ಳುವವರಿಗೆ ಕಲ್ಲು ಗೊತ್ತಿರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬದುಕು ಚೆನ್ನಾಗಿದೆ. ಶಿರಸಿಯ ಮಳೆ ಕಂಡವಳಿಗೆ ಇಲ್ಲಿನ ಮಳೆ ದೊಡ್ಡದಲ್ಲ. ಆದರೆ ಅದು ವರ್ಷವಿಡೀ ಹನಿಯುತ್ತದೆ, ಡಿಸೆಂಬರಿನಲ್ಲಿ ಬೆಳಕು ಆರು ಗಂಟೆಯಷ್ಟೇ. ಸಂಜೆ ನಾಲ್ಕಕ್ಕೆ ಆಫೀಸು ಖಾಲಿ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ಮೀನು ತಿನ್ನುವವಳಾದರೆ ಇಲ್ಲಿನ ಮ್ಯಾಕರೆಲ್ ನಮ್ಮ ಬಂಗುಡೆಯ ಬಳಗದ್ದೇ.

ಹಣದ ವಿಷಯ ಎರಡು. ಬಾಡಿಗೆ ಮನೆಯ ಠೇವಣಿಯನ್ನು ಮಾಲೀಕರ ಕೈಗೆ ಕೊಡಬೇಡ. ಅದು ನಿನ್ನ ಹೆಸರಿನ ಪ್ರತ್ಯೇಕ ಠೇವಣಿ ಖಾತೆಯಲ್ಲಿ ಇರಬೇಕು, ಕಾನೂನೇ ಹಾಗಿದೆ. ಇನ್ನು ರಜೆಯ ಸಂಬಳ ಹಿಂದಿನ ವರ್ಷದ ದುಡಿಮೆಯ ಮೇಲೆ ಬರುತ್ತದೆ. ಹಾಗಾಗಿ ಮೊದಲ ವರ್ಷ ರಜೆ ಸಿಕ್ಕರೂ ಆ ದಿನಗಳ ಸಂಬಳ ಸಿಗಲಿಕ್ಕಿಲ್ಲ. ಊರಿಗೆ ಹೋಗುವ ಟಿಕೆಟ್ ತೆಗೆಯುವ ಮೊದಲು ಒಪ್ಪಂದ ಪತ್ರ ನೋಡಿಕೋ.

ವೀಸಾ ಬರುವವರೆಗೆ ಸುಮ್ನೆ ಕೂರಬೇಡ. ನಾರ್ವೆಯ ಈಕ್ವಿನಾರ್ ಕಂಪನಿ ವೋಲ್ವೆ ಎಂಬ ಮುಚ್ಚಿದ ಎಣ್ಣೆ ಕ್ಷೇತ್ರದ ಡೇಟಾವನ್ನು 2018ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದರಲ್ಲಿ 15/9-19 ಎ, 15/9-19 ಬಿ ಬಾವಿಗಳನ್ನು ತೆಗೆದುಕೋ. ಎರಡರ ಆಳವನ್ನೂ ಸಮುದ್ರ ಮಟ್ಟದಿಂದ ಲೆಕ್ಕ ಹಾಕಿ ಅಕ್ಕಪಕ್ಕ ಇಡು. ಹೊಂದದ ಜಾಗದ ಚಿತ್ರ ನನಗೆ ಕಳಿಸು, ಕೂತು ನೋಡೋಣ.