ಸೇನೆ ಕಳಿಸಲು ಸಂಸತ್ತಿನ ಒಪ್ಪಿಗೆ ಬೇಕೆ?

ಪ್ರಶ್ನೆ: ನಮ್ಮ ಕದಂಬ ನೌಕಾನೆಲೆಯ ಹಡಗು ಹೊರದೇಶದ ಕಾರ್ಯಾಚರಣೆಗೆ ಹೊರಟರೆ ಲೋಕಸಭೆಯಲ್ಲಿ ಮೊದಲು ಮತಕ್ಕೆ ಹಾಕಬೇಕಲ್ಲವೆ?
– ಓದುಗರು, ಕಾರವಾರ

ಉತ್ತರ: ಬೇಕಿಲ್ಲ. ಸಂವಿಧಾನದ 53ನೇ ವಿಧಿಯಂತೆ ಸೇನೆಯ ಪರಮಾಧಿಕಾರ ರಾಷ್ಟ್ರಪತಿಯದು. ನಿಜವಾಗಿ ತೀರ್ಮಾನಿಸುವುದು ಪ್ರಧಾನಿ ನೇತೃತ್ವದ ಸಂಪುಟ. ಮೊದಲೇ ಮತ ಕಡ್ಡಾಯ ಎನ್ನುವ ಕಾನೂನನ್ನು ಸಂಸತ್ತು ಮಾಡಿಲ್ಲ. 1987ರಲ್ಲಿ ಶ್ರೀಲಂಕೆಗೆ ಭಾರತದ ಶಾಂತಿಪಾಲನಾ ಪಡೆ ಹೋದದ್ದು ಎರಡೂ ಸರ್ಕಾರಗಳ ಒಪ್ಪಂದದ ಬಲದಲ್ಲೇ. ಕೊನೆಯ ತುಕಡಿ ಮರಳಿದ್ದು 1990ರ ಮಾರ್ಚ್‌ನಲ್ಲಿ, ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರವೇ ಬದಲಾಗಿತ್ತು. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕ್ ಮೇಲಿನ ಅಮೆರಿಕದ ದಾಳಿಯ ವಿರುದ್ಧ ನಿರ್ಣಯ ಮಾಡಿತು. ಜುಲೈನಲ್ಲಿ ವಾಜಪೇಯಿ ಸರ್ಕಾರ ಅಲ್ಲಿಗೆ ಸೈನಿಕರನ್ನು ಕಳಿಸಲು ಒಲ್ಲೆ ಎಂದಿತು. ಜರ್ಮನಿಯಲ್ಲಾದರೆ, ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ 1994ರ ತೀರ್ಪಿನಿಂದಾಗಿ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು. ನಮ್ಮ ಸಂಸದರ ಕೈಲಿರುವುದು ಪ್ರಶ್ನೆ, ನಿಲುವಳಿ ಸೂಚನೆ (ಸದನದ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಲು ಕೇಳುವುದು), ರಕ್ಷಣಾ ಅನುದಾನದ ಮೇಲಿನ ಕಡಿತ ಸೂಚನೆ (ಕೇಳಿದ ಹಣ ತಗ್ಗಿಸಿ ಎನ್ನುವುದು). ಸೂಚನೆ ಮತಕ್ಕೆ ಬಂದರೆ ಅದೂ ಹೆಸರಿಗಷ್ಟೇ: ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿದರೆ ಸಂವಿಧಾನದ 10ನೇ ಅನುಸೂಚಿಯಡಿ, ಅಂದರೆ ಪಕ್ಷಾಂತರ ನಿಷೇಧ ನಿಯಮದಡಿ, ಸದಸ್ಯತ್ವಕ್ಕೇ ಕುತ್ತು.